ಅಜ್ಜಿ ನಕ್ಕದ್ದು ಎಲ್ಲಿದೆ?

ನನ್ನ ಗಂಟಲಿನ ಬಗ್ಗೆ ನನಗೆ ಸೊಕ್ಕಿತ್ತು. ಇತ್ತು ಅನ್ನುವುದೇಕೆ, ಈಗಲೂ ಇದೆ. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ನನ್ನ ಪಾಠ ಶುರುವಾಯಿತೆಂದರೆ ಹೊರಗೆ ಬೇವಿನ ಮರದ ಕೆಳಗೆ ಕೂತ ಜವಾನ ಬೀಡಿ ಆರಿಸಿ ಕಿವಿ ಕೊಡುತ್ತಿದ್ದ. ಇತಿಹಾಸ ತೆಗೆದುಕೊಂಡ ಹುಡುಗರು ತಮ್ಮ ಕ್ಲಾಸಿಗೆ ಚಕ್ಕರ್ ಹೊಡೆದು ನನ್ನ ಕಿಟಕಿಗೆ ಜೋತುಬೀಳುತ್ತಿದ್ದರು. ಬೇಡಿಕೆ, ಪೂರೈಕೆ, ಬೆಲೆ ಇವು ಒಣ ವಿಷಯಗಳು ಎನ್ನುವವರನ್ನು ಕಂಡರೆ ನನಗೆ ಕನಿಕರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬೇಡಿಕೆಯ ನಿಯಮವನ್ನು ಸಂತೆಯ ಬದನೆಕಾಯಿ ಮಾರುವವಳ ದನಿಯಲ್ಲಿ ಹೇಳುತ್ತಿದ್ದೆ, ಏಕಸ್ವಾಮ್ಯವನ್ನು ಹಟ್ಟಿಯ ಚಿನ್ನದ ಗಣಿಯ ಕಥೆ ಕಟ್ಟಿ ಹೇಳುತ್ತಿದ್ದೆ. ಕ್ಲಾಸು ನಕ್ಕೂ ನಕ್ಕೂ ಬೆಂಚು ಕುಟ್ಟುತ್ತಿತ್ತು.

ನಮ್ಮ ವಿಭಾಗದಲ್ಲಿ ಇನ್ನೊಬ್ಬನಿದ್ದ. ನಾನು ಮಸ್ಕಿಯವನು, ಅವನು ಲಿಂಗಸುಗೂರಿನವನು. ಹಣ ಮತ್ತು ಬ್ಯಾಂಕಿಂಗ್ ಅವನ ಪತ್ರಿಕೆ. ಅವನು ಪಾಠ ಮಾಡಿದರೆ ಮೊದಲ ಬೆಂಚಿನವರಿಗೂ ಕೇಳಿಸುತ್ತಿರಲಿಲ್ಲ. ಮಾತುಗಳು ಬಾಯಿಂದ ಹೊರಬಿದ್ದು ಅಲ್ಲೇ ಅಂಗಿಯ ಜೇಬಿಗೆ ಇಳಿಯುತ್ತಿದ್ದವು. ನಾವಿಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಬರುವವರು. ಬಸ್ಸು ಲಿಂಗಸುಗೂರಿನಿಂದ ಹೊರಟು ಮಸ್ಕಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿತ್ತು; ಅವನು ತನ್ನ ಪಕ್ಕದ ಸೀಟಿನ ಮೇಲೆ ಚೀಲವಿಟ್ಟು, ಯಾರು ಜಗಳ ತೆಗೆದರೂ ಬಿಡದೆ, ನನಗಾಗಿ ಜಾಗ ಹಿಡಿದಿರುತ್ತಿದ್ದ. ಇಂಥ ಒಳ್ಳೆಯತನ ಇರುವವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಆದರೂ ನಾನು ಪಟ್ಟೆ.

ಅದು ಶುರುವಾದದ್ದು ಹತ್ತಿರದ ಹಳ್ಳಿ ಸಾಲಗುಂದದ ಒಬ್ಬ ಹುಡುಗಿಯಿಂದ. ಒಕ್ಕಲುತನದ ಮನೆ, ಕಾಲುವೆ ನೀರಿನ ಹೊಲ, ಊಟಕ್ಕೆ ಕೊರತೆಯಿಲ್ಲ. ಚಿಕ್ಕವಳಿದ್ದಾಗ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಅಷ್ಟರಲ್ಲಿ ಓದು ಬರಹ ಕಲಿತಿದ್ದಳು, ಹಾಗಾಗಿ ಪುಸ್ತಕ ಹಿಡಿದುಕೊಂಡೇ ಪಿ.ಯು.ಸಿ. ದಾಟಿ ಬಂದಿದ್ದಳು. ಮಾತು ಇತ್ತಂತೆ, ಆದರೆ ತನ್ನ ದನಿ ಹೇಗೆ ಕೇಳಿಸುತ್ತದೋ ಎಂಬ ನಾಚಿಕೆಗೆ ಬಾಯಿ ಬಿಡುತ್ತಿರಲಿಲ್ಲ. ಬಸ್ಸಿನ ಹಾರ್ನು ಕೇಳದ ಹುಡುಗಿಯನ್ನು ಒಬ್ಬಳನ್ನೇ ಸಿಂಧನೂರಿನಂಥ ಪೇಟೆಗೆ ಯಾರು ಕಳಿಸುತ್ತಾರೆ? ಮನೆಯವರು ಜೊತೆಗೆ ಅಜ್ಜಿಯನ್ನು ಹಾಕಿದ್ದರು. ಅಜ್ಜಿ, ಅಂದರೆ ಹುಡುಗಿಯ ತಂದೆಯ ತಾಯಿ, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಎರಡು ಬುತ್ತಿಯ ಗಂಟು. ಮೊದಲ ದಿನ ಹೊರಗಿನ ಕಟ್ಟೆಯ ಮೇಲೆ ಕೂತಳು. ಬಿಸಿಲು ಏರಿದ ಮೇಲೆ ಪ್ರಿನ್ಸಿಪಾಲರೇ, ಒಳಗೇ ಕೂಡಲಿ ಬಿಡಿ ಎಂದರು. ಆ ದಿನದಿಂದ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಒಬ್ಬ ಮುದುಕಿ ಕಾಯಂ ವಿದ್ಯಾರ್ಥಿನಿಯಾದಳು.

ಅಜ್ಜಿ ಮೊಮ್ಮಗಳ ನಡುವೆ ಅವರದೇ ಕೈಸನ್ನೆಯ ಭಾಷೆ ಇತ್ತು. ಹಣೆಗೆ ಮೂರು ಬೆರಳು ಎಳೆದರೆ ಅಜ್ಜ, ಮೊಣಕೈ ತಟ್ಟಿದರೆ ಎಮ್ಮೆ, ಎರಡೂ ಅಂಗೈ ಉಜ್ಜಿದರೆ ಬಸ್ಸು. ಅಂಗೈಗೂ ಬಸ್ಸಿಗೂ ಏನು ಸಂಬಂಧವೋ ಕೇಳಿದರೆ ಅಜ್ಜಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಉಳಿದವರೆಲ್ಲ ಹುಡುಗಿಯ ಜೊತೆ ಎರಡು ಸನ್ನೆ ಮಾಡಿ ಕೈಬಿಡುತ್ತಿದ್ದರು. ಅಜ್ಜಿ ಮಾತ್ರ ಅವಳೊಂದಿಗೆ ಊರ ಪುರಾಣವನ್ನೆಲ್ಲ ಕೈಯಲ್ಲೇ ಬಿಚ್ಚುತ್ತಿದ್ದಳು.

ಆ ಅಜ್ಜಿ ನನ್ನ ಪಾಠಕ್ಕೆ ನಗುತ್ತಿದ್ದಳು. ಹುಡುಗರು ನಕ್ಕ ಮೇಲೆ ಒಂದು ಗಳಿಗೆ ತಡೆದು, ಸೆರಗು ಬಾಯಿಗೆ ಹಿಡಿದು, ತಲೆ ಆಡಿಸಿ ನಗುವಳು. ಓದು ಬರಹ ಇಲ್ಲದ ಹಳ್ಳಿಯ ಮುದುಕಿಗೆ ಬೆಲೆ ಸಿದ್ಧಾಂತ ಅರ್ಥ ಮಾಡಿಸಿ ನಗಿಸುವುದೆಂದರೆ ಹುಡುಗಾಟವೇ? ಅವಳ ನಗು ನನಗೆ ಯಾವ ಪದಕಕ್ಕಿಂತಲೂ ಕಡಿಮೆಯಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿಕೊಂಡು ತಿರುಗಿದೆ. ಹುಡುಗಿಯ ಬಗ್ಗೆ ಯಾರಾದರೂ ಕೇಳಿದರೆ, "ಕಿವುಡರ ಮುಂದ ಶಂಖ ಊದಿದಂಗ್ರಿ, ನಾ ಏನ್ ಮಾಡ್ಲಿ" ಎಂದು ಕೈ ಝಾಡಿಸುತ್ತಿದ್ದೆ.

ಮೊದಲ ವರ್ಷದ ರಿಸಲ್ಟು ಬಂತು. ಹುಡುಗಿ ಬ್ಯಾಂಕಿಂಗಿನಲ್ಲಿ ಚೆನ್ನಾಗಿ ಪಾಸಾಗಿದ್ದಳು. ನನ್ನ ಪತ್ರಿಕೆಯಲ್ಲಿ ನಪಾಸು.

ಅಜ್ಜಿ ಬಂದು ನನ್ನ ಮೇಜಿನ ಮುಂದೆ ನಿಂತಳು. "ಸರ್ರ, ಇದೊಂದು ಹ್ವಾದ್ರ ಅಕಿ ಕಾಲೇಜು ಮುಗೀತ್ರಿ. ಮತ್ತೊಮ್ಮಿ ನಪಾಸಾದ್ರ ಸೋದರಮಾವಗ ಕೊಟ್ಟು ಕೈ ತೊಳಕೊಳ್ಳೂದಂತ ನನ್ನ ಮಗ ಅಂದಾನ. ಆ ಮಾವನ ವಯಸ್ಸು ನನ್ನ ಮಗನಷ್ಟ ಐತಿ. ಅಕೀಗಿ ಮನಸಿಲ್ಲ. ಓದಬೇಕಂತಾಳ" ಎಂದಳು. ನಾನು ದೊಡ್ಡ ದನಿಯಲ್ಲಿ ಸಮಾಧಾನ ಹೇಳಿದೆ, ಅವಳು ತಲೆಯಾಡಿಸಿದಳು. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಮಾವನಲ್ಲ. ಆ ಗೊಣಗುವವನ ಪಾಠದಲ್ಲಿ ಪಾಸಾದವಳು ನನ್ನ ಪಾಠದಲ್ಲಿ ಹೇಗೆ ಬಿದ್ದಳು?

ಮರುದಿನ ಬಸ್ಸಿನಲ್ಲಿ ಅವನನ್ನೇ ಕೇಳಿದೆ. ಅವನು ಚೀಲ ತೆರೆದು ಊಟದ ಡಬ್ಬಿಯಂಥ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಒಳಗೆ ಕರವಸ್ತ್ರದಲ್ಲಿ ಸುತ್ತಿದ ಕಪ್ಪು ಫ್ಲಾಪಿಗಳು. "ಪಾಠ ಇದರಾಗ ಹಾಕ್ತೀನ್ರಿ ಸರ. ಅಕಿ ಮಿಲ್ಲಿಗಿ ಬಂದು ಕಂಪ್ಯೂಟರಿನ್ಯಾಗ ಓದ್ಕೋತಾಳ. ನಾ ಮಾತಾಡಿದ್ರ ಕಿವಿ ಇದ್ದವ್ರಿಗೇ ಕೇಳಂಗಿಲ್ಲ, ಇನ್ನ ಅಕೀಗೇನು" ಎಂದು ನಕ್ಕ. ತನ್ನ ಕೊರತೆಯನ್ನು ಇಷ್ಟು ಹಗುರವಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಸಿಂಧನೂರಿನ ಒಂದು ರೈಸ್ ಮಿಲ್ಲಿನ ಸಾಹುಕಾರರು ಲೆಕ್ಕಪತ್ರಕ್ಕೆಂದು ಕಂಪ್ಯೂಟರ್ ತರಿಸಿದ್ದರು. ಹೈದರಾಬಾದಿನವರು ಬಂದು ಕನ್ನಡ ಅಕ್ಷರ ಮೂಡುವ ಹಾಗೆ ಏನೋ ಒಂದು ಕಾರ್ಡು ಕೂಡಿಸಿಕೊಟ್ಟಿದ್ದರು. ಲೆಕ್ಕ ಬರೆಯುವ ಮುನೀಮರು ಅದನ್ನು ಮುಟ್ಟಲೇ ಇಲ್ಲ, ಹಳೆಯ ಗಾದಿ ಬಿಟ್ಟು ಕದಲಲಿಲ್ಲ. ಹೀಗೆ ಖಾಲಿ ಕೂತ ಕಂಪ್ಯೂಟರನ್ನು ಲಿಂಗಸುಗೂರಿನವನು ಮಧ್ಯಾಹ್ನದ ಹೊತ್ತಿಗೆ ಕೇಳಿ ಪಡೆದಿದ್ದ. ಒಂದು ದಿನ ನಾನೂ ನೋಡಲು ಹೋದೆ. ಗಾಜಿನ ಕೋಣೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಒಳಗೆ ಕೂಲರ್. ಕಂಪ್ಯೂಟರಿನ ಹಣೆಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಪಕ್ಕದಲ್ಲೇ ಭತ್ತ ಕುಟ್ಟುವ ಮಶೀನು ಗಡಗಡ ಎನ್ನುತ್ತಿತ್ತು. ನಾನು ಜವಾನನ ಬೀಡಿ ಆರಿಸುವ ನನ್ನ ಗಂಟಲು ತೆರೆದು "ನಮಸ್ಕಾರ" ಎಂದೆ. ಎದುರಿಗಿದ್ದವನಿಗೂ ಕೇಳಿಸಲಿಲ್ಲ. ಕೆಲಸದವರೆಲ್ಲ ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಕಿರುಚುತ್ತಿದ್ದರು. ನಡುವೆ ಅಜ್ಜಿ ಮೊಮ್ಮಗಳು ಇಬ್ಬರೇ ಆರಾಮವಾಗಿ ಕೈಯಲ್ಲಿ ಮಾತಾಡಿಕೊಂಡಿದ್ದರು.

ಹುಡುಗಿ ಒಂದು ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ನಾಲ್ಕು ಸಾಲು. ಓದಿದಳು, ಮತ್ತೊಮ್ಮೆ ಒತ್ತಿದಳು, ಮುಂದಿನ ನಾಲ್ಕು ಸಾಲು. ಬ್ಯಾಂಕಿನಲ್ಲಿ ಇಟ್ಟ ದುಡ್ಡು ಸಾಲವಾಗಿ, ಆ ಸಾಲ ಮತ್ತೆ ಠೇವಣಿಯಾಗಿ ಬೆಳೆಯುವುದನ್ನು ಅವನು ಚುಕ್ಕೆಗಳ ಸಾಲು ಮಾಡಿ ತೋರಿಸಿದ್ದ. ಗುಂಡಿ ಒತ್ತಿದಂತೆಲ್ಲ ಸಾಲು ಉದ್ದವಾಗುತ್ತಿತ್ತು. ತಿಳಿಯದ ಪದದ ಮುಂದೆ ಪ್ರಶ್ನೆ ಚಿಹ್ನೆ ಒತ್ತಿದರೆ ಅದರ ಅರ್ಥ ಬರುತ್ತಿತ್ತು. ಬೇಕೆಂದರೆ ಹಿಂದಕ್ಕೆ ಹೋಗಬಹುದು, ನಿಲ್ಲಬಹುದು. ನನ್ನ ಕ್ಲಾಸಿನಲ್ಲಿ ಹಿಂದಕ್ಕೆ ಹೋಗುವುದು ಉಂಟೆ? ನಾನು ಓಡುವ ಬಸ್ಸು, ಹತ್ತಿದವರು ಹತ್ತಿದರು. ಹುಡುಗಿಯ ಮುಖದಲ್ಲಿ ನನ್ನ ಕ್ಲಾಸಿನಲ್ಲಿ ಎಂದೂ ಕಾಣದ ಒಂದು ಗಮನ ಇತ್ತು. ಜಗತ್ತಿನಲ್ಲಿ ನನ್ನ ಗಂಟಲಿಗೆ ಸೊಪ್ಪು ಹಾಕದ ಒಬ್ಬಳು ವಿದ್ಯಾರ್ಥಿನಿ ಇದ್ದಳು, ಅವಳು ಇವನ ಪಾಲಾಗಿದ್ದಳು.

"ಅಕಿ ತುಟಿ ನೋಡೂದನ್ನೂ ಅಷ್ಟಿಷ್ಟು ಕಲತಾಳ್ರಿ ಸರ," ಎಂದ ಅವನು ಮರಳಿ ಬರುವಾಗ ಬಸ್ಸಿನಲ್ಲಿ, "ನಿಮ್ಮ ಪಾಠದಾಗ ಮೀಸಿ ಅಡ್ಡ ಬರತೈತಿ."

ನನ್ನ ಮೀಸೆ ಸಣ್ಣದಲ್ಲ. ಮೇಲ್ದುಟಿ ಪೂರ್ತಿ ಮುಚ್ಚಿ, ಎರಡೂ ಕಡೆ ಹುರಿಮಾಡಿ ತಿರುಗಿಸಿದ ಮೀಸೆ. ಇಡೀ ರಾತ್ರಿ ಯೋಚಿಸಿ, ಬೆಳಿಗ್ಗೆ ಮಸ್ಕಿಯ ಕ್ಷೌರದ ಅಂಗಡಿಯಲ್ಲಿ ಕೂತು ಬೋಳಿಸಿಬಿಟ್ಟೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನಾನು ಕುಸ್ತಿಗೆ ಇಳಿಯುವ ಮೊದಲೇ ಮೀಸೆ ತೆಗೆದು ಇಳಿದೆ.

ನಮ್ಮ ಓಣಿಯಲ್ಲಿ ಗಂಡಸು ಮೀಸೆ ತೆಗೆದನೆಂದರೆ ಹೆತ್ತವರಲ್ಲಿ ಒಬ್ಬರು ತೀರಿಕೊಂಡರು ಎಂದೇ ಅರ್ಥ. ಇದು ನನಗೆ ಹೊಳೆಯಲೇ ಇಲ್ಲ. ಕ್ಷೌರದವನು ಕತ್ತಿ ಹಿಡಿದು ಎರಡು ಸಲ ಕೇಳಿದಾಗಲಾದರೂ ಹೊಳೆಯಬೇಕಿತ್ತು. ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೂಗಿದಳು: "ನಾ ಇನ್ನಾ ಉಸಿರಾಡಾಕತ್ತೀನಲೇ! ನನ್ನ ಕರ್ಮ ಇವತ್ತ ಮುಗಿಸಾಕ ಹೊಂಟೀಯೇನು?" ಆ ದಿನ ರೊಟ್ಟಿ ಸಿಗಲಿಲ್ಲ. ಬಸ್ಸು ಹತ್ತಿದರೆ ಕಂಡಕ್ಟರು ಟಿಕೇಟು ಹರಿಯದೆ ನಿಂತು, "ಯಾವಾಗಾತ್ರಿ ಸರ? ಅಪ್ಪಾರೋ, ಅವ್ವಾರೋ?" ಎಂದ. ಲಿಂಗಸುಗೂರಿನವನು ಏನೂ ಕೇಳದೆ ನನ್ನ ಕೈ ಹಿಡಿದು ಕೂತ. ಪ್ರಿನ್ಸಿಪಾಲರು ಭುಜ ತಟ್ಟಿ, ಬಂದದ್ದೇ ತಪ್ಪು, ರಜೆ ಹಾಕಿ ಹೋಗಿ ಎಂದರು. ನಾನು ಸಿಕ್ಕವರಿಗೆಲ್ಲ ಯಾರೂ ಸತ್ತಿಲ್ಲ, ಯಾರೂ ಸತ್ತಿಲ್ಲ ಎಂದು ಹೇಳಿ ಹೇಳಿ ಸುಸ್ತಾದೆ. ದುಃಖಕ್ಕೆ ಹೀಗೆ ಮಾತಾಡುತ್ತಾನೆ ಎಂದುಕೊಂಡವರೂ ಇದ್ದರು.

ಅಜ್ಜಿಯಂತೂ ನನ್ನ ಎರಡೂ ಕೈ ಹಿಡಿದು ಅತ್ತೇಬಿಟ್ಟಳು. "ಹಡದಾಕಿ ಹ್ವಾದ ಮ್ಯಾಲ ಮನಿ ಖಾಲಿ ಅನಸ್ತೈತ್ರಿ ಯಪ್ಪಾ."

"ಯಮ್ಮಾ, ನಮ್ಮವ್ವ ಗಟ್ಟಿಮುಟ್ಟಾಗಿ ಅದಾಳ. ಯಾರೂ ಸತ್ತಿಲ್ಲ!" ಎಂದೆ.

"ಹೌದ್ರಿ, ಎಲ್ಲಾರೂ ಒಂದಿನ ಹೋಗಾವ್ರೇ" ಎಂದು ಕಣ್ಣೊರೆಸಿಕೊಂಡಳು. ದುಃಖದಲ್ಲಿ ಮುದುಕಿಗೆ ನನ್ನ ಮಾತು ತಲೆಗೆ ಹೋಗಲಿಲ್ಲ ಎಂದುಕೊಂಡು ಕೈ ಬಿಡಿಸಿಕೊಂಡೆ.

ಇಷ್ಟೆಲ್ಲ ಆಗಿ ಫಾಯ್ದಾ ಏನು? ಹುಡುಗಿ ನನ್ನ ಬೋಳು ತುಟಿಯನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಮೊದಲಿನ ಹಾಗೆ ಅಜ್ಜಿಯ ಮುಖ ನೋಡತೊಡಗಿದಳು. ನಾನು ಒಂದು ಕಡೆ ನಿಲ್ಲುವವನೇ ಅಲ್ಲವಲ್ಲ. ಬದನೆಕಾಯಿ ಮಾರುವವಳಾಗಿ ಕಿಟಕಿಯ ಹತ್ತಿರ ಹೋಗುತ್ತೇನೆ, ಗಿರಾಕಿಯಾಗಿ ಬಾಗಿಲಿಗೆ ಬರುತ್ತೇನೆ, ನಡುವೆ ಬೋರ್ಡಿಗೆ ತಿರುಗುತ್ತೇನೆ. ತುಟಿಯ ಹಿಂದೆ ಎಷ್ಟು ಓಡಿಯಾಳು ಪಾಪ.

ಕಡೆಗೆ ಲಿಂಗಸುಗೂರಿನವನೇ ಬಾಯಿಬಿಟ್ಟ. "ನಿಮ್ಮ ಪಾಠಾನೂ ಫ್ಲಾಪಿಗಿ ಹಾಕೋಣ್ರಿ ಸರ. ಹುಡುಗಿ ವರ್ಷ ಹಾಳಾಗಬಾರದು. ನಾ ಬಂದು ಕುಂತು ಬರಕೋತೀನಿ." ಹೂಂ ಅಂದೆ. ಒಳಗೊಳಗೆ ಖುಷಿಯೂ ಆಯಿತು. ಕೂತು ಕೇಳಲಿ, ಪಾಠ ಅಂದರೆ ಏನು ಎಂದು ಇವನಿಗೂ ಗೊತ್ತಾಗಲಿ. ಅವತ್ತು ನನ್ನ ಅತಿ ದೊಡ್ಡ ಪಾಠವನ್ನೇ ಎತ್ತಿಕೊಂಡೆ. ಇಳಿಮುಖ ತುಷ್ಟಿಗುಣದ ನಿಯಮ, ಅಂದರೆ ಒಂದೇ ವಸ್ತುವನ್ನು ಮೇಲಿಂದ ಮೇಲೆ ಬಳಸಿದಂತೆ ಅದರಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತ ಹೋಗುವುದು. ಇದಕ್ಕೆ ನನ್ನದೊಂದು ಕಥೆ ಇತ್ತು. ಹೊಸ ಅಳಿಯ ಹಬ್ಬಕ್ಕೆ ಮಾವನ ಮನೆಗೆ ಹೋಗುತ್ತಾನೆ. ಅತ್ತೆ ಹೋಳಿಗೆ ಬಡಿಸುತ್ತಾಳೆ. ಮೊದಲನೆಯದಕ್ಕೆ ಅಳಿಯ ಕಣ್ಣು ಮುಚ್ಚಿ ಸ್ವರ್ಗ ಕಾಣುತ್ತಾನೆ, ಎರಡನೆಯದಕ್ಕೆ ಕಣ್ಣು ತೆರೆಯುತ್ತಾನೆ, ಮೂರನೆಯದಕ್ಕೆ ಗಡಿಯಾರ ನೋಡುತ್ತಾನೆ. ಅತ್ತೆ ಬಿಡುವುದಿಲ್ಲ, "ಇನ್ನೊಂದು ಹಾಕ್ಕೊಳ್ರೀ ಅಳಿಯಾರ!" ಕೊನೆಗೆ ಅಳಿಯನಿಗೆ ಹೋಳಿಗೆ ವೈರಿ, ಅತ್ತೆ ಯಮ. ಅತ್ತೆಯ ದನಿ, ಅಳಿಯನ ತೇಗು, ಒಳಗಿನಿಂದ ಹೆಂಡತಿಯ ಕಿಸಕ್, ಎಲ್ಲ ನಾನೇ. ಪೀರಿಯಡ್ಡು ಮುಗಿದ ಗಂಟೆ ಯಾರಿಗೂ ಕೇಳಿಸಲಿಲ್ಲ. ಕೊನೆಯ ಬೆಂಚಿನಲ್ಲಿ ಅಜ್ಜಿ ಸೆರಗು ಬಾಯಿಗೆ ಹಿಡಿದಿದ್ದಳು. ಅವಳ ಪಕ್ಕ ಕೂತ ಲಿಂಗಸುಗೂರಿನವನು ತಲೆ ತಗ್ಗಿಸಿ ಬರೆಯುತ್ತಲೇ ಇದ್ದ.

ಎರಡು ದಿನ ಬಿಟ್ಟು ಮಿಲ್ಲಿಗೆ ಕರೆದ. ನನ್ನ ಪಾಠ ಪರದೆಯ ಮೇಲಿತ್ತು. ಗುಂಡಿ ಒತ್ತಿದೆ. ನಿಯಮ, ಅದರ ಷರತ್ತು, ಒಂದು ಕೋಷ್ಟಕ. ಮತ್ತೆ ಒತ್ತಿದೆ. ಅರ್ಧ ಪರದೆ. ಮುಗಿಯಿತು.

"ಇಷ್ಟೇ ಏನ್ರಿ?" ಎಂದು ಅವನ ಕಿವಿಗೆ ಕಿರುಚಿದೆ.

"ಪಾಠದಾಗ ಇದ್ದದ್ದು ಇಷ್ಟೇ ಇತ್ರಿ ಸರ. ಉಳಿದದ್ದು..." ಎಂದು ತಡವರಿಸಿದ, "ಉಳಿದದ್ದು ನಗಿ."

ಅವನು ಚುಚ್ಚಲು ಹೇಳಿದ್ದಲ್ಲ, ಅವನಿಗೆ ಚುಚ್ಚಲು ಬರುವುದಿಲ್ಲ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ನನ್ನ ಒಂದು ತಾಸಿನ ಪಾಠ, ಬೇರೆ ಕ್ಲಾಸಿನ ಹುಡುಗರೂ ಬಂದು ಕೇಳುವ ಪಾಠ, ಕುಟ್ಟಿ ಕೇರಿದರೆ ಒಂದೂವರೆ ಪರದೆ. ಎದ್ದು ಹೋಗಬೇಕೆಂದು ಬಾಗಿಲ ಕಡೆ ತಿರುಗಿದ್ದೆ. ಅಷ್ಟರಲ್ಲಿ ಹುಡುಗಿ ಓದಿ ಮುಗಿಸಿ, ಆ ಅರ್ಧ ಪರದೆಯ ಕೆಳಗೆ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು.

"ಇದು ಪುಸ್ತಕದಲ್ಲೂ ಇದೆ. ಅಜ್ಜಿ ನಕ್ಕದ್ದು ಎಲ್ಲಿದೆ?"

ನಾನು ನಿಂತೆ. ಅವಳು ಮತ್ತೆ ಒತ್ತಿದಳು. "ಎಲ್ಲರೂ ನಗುತ್ತಾರೆ. ನನಗೆ ಗೊತ್ತಾಗುವುದಿಲ್ಲ. ಮನೆಗೆ ಹೋಗಿ ಕೇಳಿದರೆ ಅಜ್ಜಿ ಹೇಳುವುದಿಲ್ಲ, ಕೈ ಬೀಸಿ ಸುಮ್ಮನಾಗುತ್ತಾಳೆ. ಎಲ್ಲ ಹೇಳುವ ಅಜ್ಜಿ ಇದನ್ನು ಮಾತ್ರ ತಾನೇ ಇಟ್ಟುಕೊಳ್ಳುತ್ತಾಳೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು."

ಹೊಟ್ಟೆಕಿಚ್ಚು ಎಂಬ ಪದವನ್ನು ಅವಳು ತಪ್ಪಿಲ್ಲದೆ ಬರೆದಿದ್ದಳು. ನನಗೆ ಒಳಗೆಲ್ಲೋ ತಣ್ಣಗಾಯಿತು. ಲಿಂಗಸುಗೂರಿನವನ ಕಡೆ ನೋಡಿದೆ. ಅವನು ಕೈಚೆಲ್ಲಿದ. ನಗಿಸುವುದು ಅವನ ಜನ್ಮದಲ್ಲಿ ಸಾಧ್ಯವಿರಲಿಲ್ಲ. ಹೋಗುವುದು ಬಿಟ್ಟು ಕುರ್ಚಿ ಎಳೆದುಕೊಂಡು ಕೂತೆ.

ಅವತ್ತಿನಿಂದ ನಾನೂ ಟೈಪು ಕಲಿತೆ, ಒಂದೇ ಬೆರಳಿನಲ್ಲಿ. ಹೋಳಿಗೆಯ ಕಥೆಯನ್ನು ಕ್ಲಾಸಿನಲ್ಲಿ ಹೇಳಿದ ಹಾಗೇ ಬರೆದೆ. ನಡುವೆ ಕರೆಂಟು ಹೋಗಿ ಅಳಿಯ, ಅತ್ತೆ ಎಲ್ಲ ಮಾಯವಾದರು, ಮತ್ತೆ ಬರೆದೆ. ಹುಡುಗಿ ಓದಿದಳು. ನೆಂಟರ ಮನೆಯ ಚಹಾ ಸಪ್ಪಗಿದ್ದರೂ ಚೆನ್ನಾಗಿದೆ ಎಂದು ಕುಡಿಯುವವರ ಮುಖ ಮಾಡಿ, ತಲೆಯಾಡಿಸಿ, ಮುಂದಿನ ಪಾಠಕ್ಕೆ ಹೋದಳು. ನಾನೂ ಓದಿ ನೋಡಿಕೊಂಡೆ. ಕಥೆ ಸತ್ತಿತ್ತು. ದನಿ ತೆಗೆದರೆ ಅತ್ತೆಯೂ ಇಲ್ಲ, ಅಳಿಯನೂ ಇಲ್ಲ, ಅಕ್ಷರದ ಸಾಲುಗಳು ಬಿಸಿಲಿಗೆ ಹಾಕಿದ ಭತ್ತದ ಹಾಗೆ ಬಿದ್ದಿದ್ದವು. ಇನ್ನೊಂದು ಬಗೆಯಲ್ಲಿ ಬರೆದೆ, ಅದೂ ಸತ್ತಿತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಸೋದರಮಾವ ಹೊಸ ಅಂಗಿ ಹೊಲಿಸಿದ್ದಾನೆ ಎಂದು ಅಜ್ಜಿ ಹೇಳಿದಳು. ಹುಡುಗಿ ನಿಯಮವನ್ನು ಬಾಯಿಪಾಠ ಮಾಡುತ್ತಿದ್ದಳೇ ಹೊರತು, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ತಬ್ಬಿಬ್ಬಾಗುತ್ತಿದ್ದಳು.

ದಾರಿ ಸಿಕ್ಕಿದ್ದು ಊಟದ ಹೊತ್ತಿನಲ್ಲಿ. ಮೀಸೆ ಮತ್ತೆ ಚಿಗುರಿ ಅವ್ವ ರಾಜಿಯಾಗಿದ್ದಳು. ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಅವ್ವ ಕೈಯ ಮೇಲೇ ರೊಟ್ಟಿ ಇಟ್ಟು ಒಳಗೆ ಹೋದಳು. ಕೈಯ ಮೇಲಿನ ಬಿಸಿ ರೊಟ್ಟಿಯನ್ನು ನೋಡುತ್ತ ಕೂತೆ. ಹೇಳುವುದಲ್ಲ, ಆ ಹುಡುಗಿಯನ್ನು ಉಣ್ಣಲು ಕೂಡಿಸಬೇಕು ಎನಿಸಿತು.

ಬೆಳಿಗ್ಗೆ ಬಸ್ಸಿನಲ್ಲೇ ಲಿಂಗಸುಗೂರಿನವನಿಗೆ ವಿವರಿಸಿದೆ. ಪರದೆಯ ಮೇಲೆ ಒಂದು ತಟ್ಟೆ. ‘ಇನ್ನೊಂದು ಹೋಳಿಗೆ ಹಾಕಲೇ?’ ಎಂದು ಅತ್ತೆ ಕೇಳುತ್ತಾಳೆ. ಕೆಳಗೆ ಎರಡು ಉತ್ತರ: ‘ಹಾಕಿ’, ‘ಸಾಕು’. ಹಾಕಿ ಎಂದು ಒತ್ತಿದರೆ ಹೋಳಿಗೆ ಬೀಳಬೇಕು. ಪಕ್ಕದಲ್ಲಿ ತೃಪ್ತಿ ಎಷ್ಟು ಎಂದು ನಕ್ಷತ್ರಗಳ ಸಾಲು, ಹೋಳಿಗೆ ಬಿದ್ದಂತೆಲ್ಲ ಗಿಡ್ಡವಾಗುತ್ತ ಹೋಗಬೇಕು.

"ಸಾಕು ಅಂತ ಒತ್ತಿದ್ರ ಪಾಠ ಮುಗೀತೈತಿ, ಹೌದಿಲ್ರಿ?"

"ಇಲ್ಲ. ಸಾಕು ಅಂದ್ರೂ ಹೋಳಿಗಿ ಬೀಳಬೇಕು. ಮ್ಯಾಲ ತುಪ್ಪ."

ಅವನು ನನ್ನನ್ನು ಗಾಬರಿಯಿಂದ ನೋಡಿದ. "ಅದು ತಪ್ಪಾಗತೈತ್ರಿ ಸರ. ಬ್ಯಾಡ ಅಂದ್ರ ನಿಲ್ಲಬೇಕು. ಪ್ರೋಗ್ರಾಮಿಗಿ ಒಂದು ನಿಯಮ ಇರತೈತಿ."

"ನಿಮ್ಮತ್ತಿ ಮನ್ಯಾಗ ನಿಂತೈತೇನ್ರಿ ಯಾವಾಗಾರ?"

ಬಸ್ಸು ಒಂದು ಊರು ದಾಟುವವರೆಗೆ ಯೋಚಿಸಿದ. "ಇಲ್ರಿ," ಎಂದ. ಆ ವಾರ ಕೂತು, ನಾನು ಹೇಳಿದ್ದನ್ನೆಲ್ಲ ಬರೆದು ಕೂಡಿಸಿದ. ಅಳಿಯನ ಮಾತು ನನ್ನವು, ಗುಂಡಿ ಅವನವು. ಮಿಲ್ಲಿನ ಸಾಹುಕಾರರು ಬಂದವರಿಗೆಲ್ಲ ತೋರಿಸಿ, "ಲಿಂಗಸುಗೂರು ಸರ ಮಾಡ್ಯಾರ ನೋಡ್ರಿ" ಅನ್ನುತ್ತಿದ್ದರು. ಹೋಳಿಗೆ ಯಾರದು ಎಂದು ಒಬ್ಬನೂ ಕೇಳಲಿಲ್ಲ.

ಹುಡುಗಿ ಪಾಸಾದಳೋ ಇಲ್ಲವೋ ಎಂದು ಓದುವವರನ್ನು ಕಾಯಿಸುವ ಆಸೆ ನನಗಿಲ್ಲ. ಪಾಸಾದಳು, ಡಿಗ್ರಿ ಮುಗಿಸಿದಳು, ಸೋದರಮಾವ ಬೇರೆ ಕಡೆ ಹೆಣ್ಣು ನೋಡಿಕೊಂಡ. ಆದರೆ ನನ್ನ ಪತ್ರಿಕೆಯಲ್ಲಿ ಅವನ ಪತ್ರಿಕೆಗಿಂತ ಕಡಿಮೆ ಅಂಕ ತೆಗೆದಳು ಎಂಬುದನ್ನು ಮುಚ್ಚಿಡಲಾರೆ. ನಾನು ಹೇಳಬೇಕೆಂದದ್ದು ಹೋಳಿಗೆಯನ್ನು ಅವಳು ಮೊದಲ ಸಲ ಒತ್ತಿದ ಮಧ್ಯಾಹ್ನದ ಮಾತು.

ನಾವಿಬ್ಬರೂ ಅವಳ ಹಿಂದೆ ನಿಂತಿದ್ದೆವು. ಪಕ್ಕದ ಕುರ್ಚಿಯಲ್ಲಿ ಅಜ್ಜಿ, ಕೂಲರಿನ ಗಾಳಿಗೆ ತೂಕಡಿಸುತ್ತಿದ್ದಳು. ಮಿಲ್ಲು ಜೋರಾಗಿ ನಡೆದಿತ್ತು. ಹುಡುಗಿ ‘ಹಾಕಿ’ ಒತ್ತಿದಳು. ಹೋಳಿಗೆ ಬಿತ್ತು, ನಕ್ಷತ್ರಗಳು ಸಾಲುಗಟ್ಟಿ ಬಂದವು. ಮತ್ತೆ ‘ಹಾಕಿ’. ನಕ್ಷತ್ರ ಕಡಿಮೆಯಾದವು, ಅಳಿಯ ಪಂಚೆ ಸಡಿಲ ಮಾಡಿಕೊಂಡ. ಮತ್ತೊಂದು. ನಕ್ಷತ್ರಗಳು ಮುಗಿಯುತ್ತ ಬಂದಾಗ ಅವಳು ‘ಸಾಕು’ ಒತ್ತಿದಳು. ಹೋಳಿಗೆ ಬಿತ್ತು, ತುಪ್ಪದ ಸಮೇತ. ತಾನೇ ತಪ್ಪು ಒತ್ತಿದೆ ಎಂದುಕೊಂಡು ಬೆರಳು ನೋಡಿಕೊಂಡಳು. ಎಚ್ಚರಿಕೆಯಿಂದ ಮತ್ತೆ ‘ಸಾಕು’. ಮತ್ತೆ ಹೋಳಿಗೆ. ‘ನಾಚ್ಕೋಬ್ಯಾಡ್ರಿ ಅಳಿಯಾರ’ ಎಂದಳು ಅತ್ತೆ. ಸಾಕು, ಸಾಕು, ಸಾಕು ಎಂದು ಪಟಪಟ ಒತ್ತಿದಳು. ಹೋಳಿಗೆಗಳು ಬೀಳುತ್ತಲೇ ಇದ್ದವು. ಅಳಿಯ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ, ಅತ್ತೆ ಕೈಯ ಮೇಲೇ ಬಡಿಸಿದಳು. ಹುಡುಗಿ ಕುರ್ಚಿಯ ಬೆನ್ನಿಗೆ ಒರಗಿ, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು ನಕ್ಕಳು. ಅವಳ ನಗುವಿಗೆ ದನಿ ಇತ್ತೋ ಇಲ್ಲವೋ, ಮಿಲ್ಲಿನ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನಾನು ಲಿಂಗಸುಗೂರಿನವನ ಕಡೆ ತಿರುಗಿ ಎದೆ ಉಬ್ಬಿಸುವಷ್ಟರಲ್ಲಿ ಅವಳು ಅಜ್ಜಿಯನ್ನು ಅಲುಗಾಡಿಸಿ ಎಬ್ಬಿಸಿದಳು. ಆಮೇಲೆ ಆ ಕಥೆಯನ್ನು ಕೈಯಲ್ಲಿ ಹೇಳಿದಳು. ಹಣೆಯ ಮೇಲೆ ಸೆರಗು ಎಳೆದಾಗ ಅತ್ತೆಯಾದಳು, ಕೆನ್ನೆ ಉಬ್ಬಿಸಿದಾಗ ಅಳಿಯನಾದಳು. ಹೋಳಿಗೆಯ ತೂಕ ಅವಳ ಮಣಿಕಟ್ಟಿನಲ್ಲಿ ಕಾಣುತ್ತಿತ್ತು. ಮೊದಲ ಹೋಳಿಗೆ ಹೂವಿನಷ್ಟು ಹಗುರ, ಕೊನೆಯದು ಬೀಸುವ ಕಲ್ಲು. ಅಳಿಯ ಕೈ ಅಡ್ಡ ಹಿಡಿದ, ಅತ್ತೆ ಆ ಕೈಯನ್ನು ಮುದ್ದಿನಿಂದ ಸವರಿ ಅದರ ಮೇಲೆ ತುಪ್ಪ ಸುರಿದಳು. ಈ ಸವರುವುದು ನನ್ನ ಕಥೆಯಲ್ಲಿ ಇರಲಿಲ್ಲ. ಅಜ್ಜಿ ನಕ್ಕಳು. ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ, ಒಂದು ಗಳಿಗೆ ತಡೆಯಲೂ ಇಲ್ಲ. ಹೆಗಲು ಕುಣಿಸಿ, ತೊಡೆ ಬಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನ್ನ ಕ್ಲಾಸಿನಲ್ಲಿ ಅವಳು ಹೀಗೆ ನಕ್ಕದ್ದೇ ಇಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು.

ಹೊರಗೆ ಚಪ್ಪಲಿ ಮೆಟ್ಟುವಾಗ ಅಜ್ಜಿ ಹಿಂದೆಯೇ ಬಂದಳು. "ಸರ್ರ, ನೀವು ಕ್ಲಾಸಿನ್ಯಾಗ ಹೇಳತಿದ್ದದ್ದು ಈ ಮಾತೇನ್ರಿ? ಎಷ್ಟ್ ಚಲೋ ಐತ್ರಿ!"

"ನೀ ಕೇಳೀಯಲ್ಲ ಯಮ್ಮಾ? ನಕ್ಕೂ ನಕ್ಕೀದಿ!" ಎಂದು ಅವಳ ಕಿವಿಯ ಹತ್ತಿರ ಬಾಯಿ ತಂದು ಕೂಗಿದೆ.

ಅವಳು ಕಿವಿಯನ್ನು ಮುಟ್ಟಿ ಕೈ ಆಡಿಸಿದಳು. "ಎಲ್ಲಿ ಕೇಳಸ್ತೈತ್ರಿ ಯಪ್ಪಾ. ನಿಮ್ಮದು ಗುಂಯ್ ಅಂತ ಸಪ್ಪಳ ಬರತೈತಿ, ಮಾತು ತಿಳಿಯಂಗಿಲ್ಲ. ಹುಡುಗ್ರು ನಕ್ಕಾಗ ನಾನೂ ನಕ್ಕೆ. ಸುಮ್ನ ಕುಂತ್ರ ಮುದುಕಿಗಿ ಕಿವಿ ಇಲ್ಲಂತ ಗೊತ್ತಾಗತೈತಿ. ಗೊತ್ತಾದ್ರ ಮನ್ಯಾಗ ಬಿಡತಾರೇನ್ರಿ? ಕಿವುಡಿ ಜೋಡಿ ಕಿವುಡಿ ಕಳಸಿ ಏನ್ ಉಪಯೋಗಂತಾರ. ಹುಡುಗಿ ಕಾಲೇಜು ಅಲ್ಲಿಗೇ ಮುಗೀತಿತ್ರಿ. ಅಕಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ."

ಒಳಗಿನಿಂದ ಹುಡುಗಿ ಗಾಜಿಗೆ ಬೆರಳು ತಟ್ಟಿ ಕರೆದಳು. ಅಜ್ಜಿ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹೇಳಿಸಿಕೊಳ್ಳಲು, ಆ ವಯಸ್ಸಿನಲ್ಲಿ ಓಡಿದಳು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಲಿಂಗಸುಗೂರಿನವನ ಮೇಲಿದ್ದ ಹೊಟ್ಟೆಕಿಚ್ಚು ಅವತ್ತೇ ಇಳಿದುಹೋಯಿತು. ಅಜ್ಜಿಯನ್ನು ನಗಿಸಿದ ಆ ಹುಡುಗಿಯ ಮೇಲೆ ಹುಟ್ಟಿದ್ದು ಇನ್ನೂ ಇಳಿದಿಲ್ಲ.